ಹಳೆಯ ಫ್ರಿಜ್ಜಿನಲ್ಲಿ ಬಿಯರ್ ಹುದುಗಿಸುವುದು: ತಣ್ಣಗಿರಬೇಕಾದ್ದು ಗಾಳಿಯೋ, ದ್ರವವೋ?

ಮನೆಯಲ್ಲಿ ಬಿಯರ್ ಮಾಡಲು ಶುರುಮಾಡಿದವರ ದುಡ್ಡು ಮೊದಲು ಹೋಗುವುದು ದೊಡ್ಡ ಪಾತ್ರೆಗೆ, ಬಗೆಬಗೆಯ ಮಾಲ್ಟ್‌ಗೆ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ದುಬಾರಿ ಹಾಪ್ಸ್‌ಗೆ (ಬಿಯರ್‌ಗೆ ಕಹಿ ಕೊಡುವ ಹೂವು). ಆದರೆ ರುಚಿ ಬಹುಪಾಲು ನಿರ್ಧಾರವಾಗುವುದು ಒಲೆ ಆರಿಸಿದ ಮೇಲೆ, ಯೀಸ್ಟ್ ಹಾಕಿದ ಮೊದಲ ಮೂರು ನಾಲ್ಕು ದಿನಗಳಲ್ಲಿ. ಅದೇ ಮಾಲ್ಟ್, ಅದೇ ಹಾಪ್ಸ್, ಅದೇ ಯೀಸ್ಟ್ ಹಾಕಿ ಒಂದು ಡಬ್ಬವನ್ನು 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದನ್ನು 26ರಲ್ಲಿ ಬಿಟ್ಟು ನೋಡಿ. ಮೊದಲನೆಯದು ಶುಚಿಯಾಗಿ ಕುಡಿಯುವಂತಿರುತ್ತದೆ. ಎರಡನೆಯದರಲ್ಲಿ ಬಾಳೆಹಣ್ಣಿನ ವಾಸನೆ, ನೇಲ್ ಪಾಲಿಶ್ ಒರೆಸುವ ದ್ರವದ ಘಾಟು, ಗಂಟಲಲ್ಲಿ ಸುಡುವಂಥ ಖಾರ ಇರಬಹುದು. ಅಮೆರಿಕದಲ್ಲಿ ಈ ಹವ್ಯಾಸವಿರುವವರ ಗ್ಯಾರೇಜು, ಬೇಸ್‌ಮೆಂಟುಗಳಲ್ಲಿ ಯಾರೋ ಮಾರಿದ ಹಳೆಯ ಫ್ರಿಜ್ ನಿಂತಿರುವುದು ಇದೇ ಕಾರಣಕ್ಕೆ. ನನ್ನನ್ನು ಕೇಳಿದರೆ, ಈ ಹವ್ಯಾಸಕ್ಕೆ ಹಾಕುವ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಅದೇ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಿಂದ ಮನೆಬಳಕೆಯ ಬಿಯರ್‌ಗೆ ತೆರಿಗೆ ವಿನಾಯಿತಿ ಕೊಟ್ಟಿತು: ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ರಾಜ್ಯಗಳ ಪೈಕಿ ಕೊನೆಗೆ ಒಪ್ಪಿದ್ದು ಅಲಬಾಮಾ ಮತ್ತು ಮಿಸಿಸಿಪ್ಪಿ, 2013ರಲ್ಲಿ. ಕರ್ನಾಟಕದಲ್ಲಿ ಹೀಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುವ ಬಿಯರ್‌ನ ವಿಷಯ ಕಾನೂನು ಒಪ್ಪುವ ದೇಶಗಳಲ್ಲಿರುವವರಿಗೆ. ಇದೇ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟು ಹುದುಗಿಸುವುದಕ್ಕೆ, ಚೀಸ್ ಮಾಗಿಸುವುದಕ್ಕೆ ಯಾವ ಊರಿನಲ್ಲೂ ಅಡ್ಡಿಯಿಲ್ಲ.

ಫ್ರಿಜ್‌ಗೂ ಬಿಯರ್‌ಗೂ ಇರುವ ನಂಟು ಹಳೆಯದು. ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತದೆ ಎಂದು ಬವೇರಿಯಾದ ಅರಸು 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿದ್ದ. ಚಳಿಗಾಲದಲ್ಲಿ ಮಾಡಿ, ಮಂಜುಗಡ್ಡೆ ತುಂಬಿದ ನೆಲಮಾಳಿಗೆಗಳಲ್ಲಿ ಇಟ್ಟು ಬೇಸಿಗೆ ಕಳೆಯುತ್ತಿದ್ದರು. 1870ರ ದಶಕದಲ್ಲಿ ಕಾರ್ಲ್ ಲಿಂಡೆ ತನ್ನ ಶೈತ್ಯಯಂತ್ರವನ್ನು ಪರೀಕ್ಷೆಗೆ ಒಡ್ಡಿದ್ದು ಮ್ಯೂನಿಕ್‌ನ ಶ್ಪಾಟೆನ್ ಬಿಯರ್ ಕಾರ್ಖಾನೆಯಲ್ಲಿ. ಹಾಲು, ತರಕಾರಿ ಇಡುವ ಪೆಟ್ಟಿಗೆಯಾಗಿ ಅಡುಗೆಮನೆಗೆ ಬರುವ ಎಷ್ಟೋ ಮೊದಲೇ ಯಂತ್ರದ ತಂಪು ಬಿಯರ್‌ನ ಕೆಲಸಕ್ಕೆ ನಿಂತಿತ್ತು.

ಈಗ ಮುಖ್ಯ ಪ್ರಶ್ನೆ. ಕೋಣೆಯೇ 20 ಡಿಗ್ರಿ ಇದ್ದರೆ ಫ್ರಿಜ್ ಯಾಕೆ ಬೇಕು? ಯಾಕೆಂದರೆ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವಾಗ ಶಾಖವನ್ನೂ ಬಿಡುತ್ತದೆ. ಒಂದು ಕಿಲೋ ಸಕ್ಕರೆಗೆ ಸುಮಾರು 600 ಕಿಲೋಜೂಲ್. ಮನೆಯಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಮಾಡುವುದು 20 ಲೀಟರ್. ನಡುವಣ ಗಟ್ಟಿತನದ ಬಿಯರ್ ಆದರೆ, ಅಂದರೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ (ಬರೀ ನೀರಿಗೆ 1.000) 1.048ರಿಂದ ಶುರುವಾಗುವಂಥದ್ದಾದರೆ, ಅದರಲ್ಲಿ ಎರಡೂವರೆ ಕಿಲೋದಷ್ಟು ಕರಗಿದ ಮಾಲ್ಟ್ ಸಾರ ಇರುತ್ತದೆ. ಯೀಸ್ಟ್ ಅದರಲ್ಲಿ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ತಿನ್ನುತ್ತದೆ. ಹುಟ್ಟುವ ಶಾಖ ಹೆಚ್ಚುಕಡಿಮೆ 950 ಕಿಲೋಜೂಲ್. 20 ಲೀಟರ್ ದ್ರವವನ್ನು ಒಂದು ಡಿಗ್ರಿ ಏರಿಸಲು ಬೇಕಾದ್ದು 84 ಕಿಲೋಜೂಲ್. ಶಾಖ ಹೊರಗೆ ಹೋಗದಿದ್ದರೆ ಡಬ್ಬ ಹನ್ನೊಂದು ಡಿಗ್ರಿ ಬಿಸಿಯಾಗಬೇಕು. ನಿಜದಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಡಬ್ಬದ ಗೋಡೆಯಿಂದ ಸೋರಿ ಹೋಗುತ್ತದೆ. ಆದರೂ ಜೋರಾಗಿ ನೊರೆ ಏಳುವ ಎರಡನೆಯ, ಮೂರನೆಯ ದಿನ ಒಳಗಿನ ದ್ರವ ಕೋಣೆಗಿಂತ ಮೂರರಿಂದ ಐದು ಡಿಗ್ರಿ ಮೇಲಿರುವುದು ಮಾಮೂಲು. ಕೋಣೆ 22 ಇದ್ದರೆ ಬಿಯರ್ 26. ಹಣ್ಣಿನ ವಾಸನೆಯ ಎಸ್ಟರ್‌ಗಳು, ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್‌ಗಳು ಹುಟ್ಟುವುದೂ ಆಗಲೇ, ಯೀಸ್ಟ್ ಭರದಿಂದ ಸಂಖ್ಯೆ ಹೆಚ್ಚಿಸಿಕೊಳ್ಳುವ ಆ ಘಳಿಗೆಯಲ್ಲೇ. ಆಮೇಲೆ ತಣ್ಣಗೆ ಮಾಡಿದರೆ ಅವು ಹೋಗುವುದಿಲ್ಲ.

ಹಾಗಾಗಿ ಈ ಫ್ರಿಜ್ ಮಾಡಬೇಕಾದ ಕೆಲಸ ಅಡುಗೆಮನೆಯ ಫ್ರಿಜ್‌ನದ್ದಲ್ಲ. ಯೀಸ್ಟ್ ಹುಟ್ಟಿಸುವ ಶಾಖವನ್ನು ಹುಟ್ಟಿದ ಹಾಗೆಯೇ ಹೊರಗೆ ಸಾಗಿಸುತ್ತಾ, ಬಿಯರ್ ಒಂದೇ ಉಷ್ಣತೆಯಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು ಅಷ್ಟೆ. ಬೆಚ್ಚಗೆ ಹುದುಗಿಸುವ ಏಲ್ ಎಂಬ ಬಗೆಯ ಬಿಯರ್‌ನ ಯೀಸ್ಟ್‌ಗೆ 18ರಿಂದ 20 ಡಿಗ್ರಿ, ಅಂದರೆ 64ರಿಂದ 68 ಫ್ಯಾರನ್‌ಹೀಟ್. ತಣ್ಣಗೆ ಹುದುಗಿಸುವ ಲಾಗರ್‌ಗೆ 10ರಿಂದ 12 ಡಿಗ್ರಿ ಸೆಲ್ಸಿಯಸ್. ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಎಂಬ ಯೀಸ್ಟ್ 30 ದಾಟಿದರೂ ಶುಚಿಯಾಗಿ ಕೆಲಸ ಮಾಡುತ್ತದೆ, ಅದೊಂದು ಅಪವಾದ. ಮನೆಯ ಫ್ರಿಜ್‌ನ ಗುಂಡಿ ತಿರುಗಿಸಿದರೆ ಸಿಗುವುದು 1ರಿಂದ 7 ಡಿಗ್ರಿಯೊಳಗಿನ ತಂಪು. 18 ಬೇಕೆಂದರೆ ಅದಕ್ಕೆ ಗೊತ್ತೇ ಇಲ್ಲ.

ಇದಕ್ಕೆ ಉಪಾಯ ಸರಳ. ಫ್ರಿಜ್‌ನ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿ ಬಿಟ್ಟುಬಿಡಿ. ಅದಕ್ಕೆ ಕರೆಂಟು ಕೊಡುವ, ತೆಗೆಯುವ ಅಧಿಕಾರವನ್ನು ಹೊರಗಿನ ಕಂಟ್ರೋಲರ್‌ಗೆ ಒಪ್ಪಿಸಿ. ಇಂಕ್‌ಬರ್ಡ್ ಐಟಿಸಿ-308ರಂಥ ಸಿದ್ಧ ಪೆಟ್ಟಿಗೆಗಳಲ್ಲಿ ಒಂದು ಪ್ಲಗ್ ಗೋಡೆಗೆ ಹೋಗುತ್ತದೆ, ಎರಡು ಸಾಕೆಟ್‌ಗಳಿರುತ್ತವೆ: ಒಂದಕ್ಕೆ ಫ್ರಿಜ್, ಇನ್ನೊಂದಕ್ಕೆ ಹೀಟರ್. ಉದ್ದನೆಯ ವೈರಿನ ತುದಿಯಲ್ಲಿ ಉಷ್ಣತೆ ಅಳೆಯುವ ಪ್ರೋಬ್. ದ್ರವ ಬಿಸಿಯಾದರೆ ಫ್ರಿಜ್‌ಗೆ ಕರೆಂಟು, ತಣ್ಣಗಾದರೆ ಹೀಟರ್‌ಗೆ. ಫ್ರಿಜ್‌ನೊಳಗಿನ ಒಂದು ವೈರನ್ನೂ ಮುಟ್ಟಬೇಕಿಲ್ಲ. ಎಸ್‌ಟಿಸಿ-1000 ಎಂಬ ಅಗ್ಗದ ಬಿಡಿ ಸಾಧನವೂ ಸಿಗುತ್ತದೆ. ಆದರೆ ಅದಕ್ಕೆ ಪೆಟ್ಟಿಗೆ, ಸಾಕೆಟ್, ಅರ್ತಿಂಗ್ ಎಲ್ಲವನ್ನೂ ನೀವೇ ಕಟ್ಟಬೇಕು. ವೈರಿಂಗ್ ಕೆಲಸ ಬಲ್ಲವರಲ್ಲದಿದ್ದರೆ ಅದರ ಸಹವಾಸ ಬೇಡ. ಒದ್ದೆ ಕೈ, ಚೆಲ್ಲಿದ ದ್ರವ ಇರುವ ಜಾಗದಲ್ಲಿ ಉಳಿಸಿದ ಇಪ್ಪತ್ತು ಡಾಲರ್‌ಗೆ ಬೆಲೆಯಿಲ್ಲ. ಸಿದ್ಧ ಕಂಟ್ರೋಲರ್ ಕೊಂಡರೂ ನಿಮ್ಮ ದೇಶದ ವೋಲ್ಟೇಜ್‌ಗೆ ಸರಿಹೊಂದುವುದನ್ನೇ ಕೊಳ್ಳಿ. ಅದರೊಳಗಿನ ಸ್ವಿಚ್, ಅಂದರೆ ರಿಲೇ, ಎಷ್ಟು ಆಂಪಿಯರ್ ತಾಳುತ್ತದೆ ಎಂದೂ ನೋಡಿ. ಓಡುವಾಗ ಒಂದೆರಡು ಆಂಪಿಯರ್ ಎಳೆಯುವ ಫ್ರಿಜ್, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ.

ಪ್ರೋಬ್ ಎಲ್ಲಿಡಬೇಕು? ಇಡೀ ವ್ಯವಸ್ಥೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅನೇಕರು ಅದನ್ನು ಫ್ರಿಜ್‌ನೊಳಗೆ ತೂಗುಬಿಟ್ಟು, ಪರದೆಯ ಮೇಲೆ 18 ಎಂದು ಕಂಡಾಗ ನಿಶ್ಚಿಂತರಾಗುತ್ತಾರೆ. ಅಲ್ಲಿ ಅಳೆಯುತ್ತಿರುವುದು ಗಾಳಿಯನ್ನು. 200 ಲೀಟರ್ ಗಾಳಿಯ ತೂಕ ಕಾಲು ಕಿಲೋಗಿಂತ ಕಡಿಮೆ. ಅದನ್ನು ಒಂದು ಡಿಗ್ರಿ ತಣಿಸಲು ಕಾಲು ಕಿಲೋಜೂಲ್ ತೆಗೆದರೆ ಸಾಕು. ಬಿಯರ್‌ಗೆ 84 ಬೇಕು ಎಂದೆವಲ್ಲ, ಮುನ್ನೂರು ಪಟ್ಟಿಗೂ ಹೆಚ್ಚು. ಗಾಳಿ ಎರಡು ನಿಮಿಷದಲ್ಲಿ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ಮತ್ತೆ ಬೆಚ್ಚಗಾಗಿ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಅಷ್ಟರಲ್ಲಿ ಡಬ್ಬದೊಳಗಿನ ದ್ರವ ತನ್ನ ಪಾಡಿಗೆ ತಾನು 22ಕ್ಕೆ ಏರಿರುತ್ತದೆ, ಪರದೆ ಮಾತ್ರ 18 ಎನ್ನುತ್ತಲೇ ಇರುತ್ತದೆ.

ಪ್ರೋಬ್ ಅನ್ನು ಡಬ್ಬದ ಹೊರಮೈಗೆ, ದ್ರವದ ಮಟ್ಟದ ಅರ್ಧ ಎತ್ತರದಲ್ಲಿ ಅಂಟಿಸಿ. ಅದರ ಮೇಲೆ ಅಂಗೈ ಅಗಲದ ದಪ್ಪ ಫೋಮ್ ತುಂಡನ್ನೋ, ನಾಲ್ಕು ಮಡಿಕೆ ಮಾಡಿದ ಬಬಲ್ ರ‍್ಯಾಪನ್ನೋ ಇಟ್ಟು, ಅಂಚುಗಳಿಂದ ಗಾಳಿ ನುಗ್ಗದಂತೆ ಸುತ್ತಲೂ ಟೇಪ್ ಸುತ್ತಿ. ಲೋಹದ ತುದಿ ಡಬ್ಬಕ್ಕೆ ಒತ್ತಿಕೊಂಡಿರಬೇಕು, ಬೆನ್ನಿನ ಕಡೆಯಿಂದ ಚಳಿ ತಾಗಬಾರದು. ಹೀಗೆ ಮಾಡಿದರೆ ಪರದೆಯ ಅಂಕಿ ಒಳಗಿನ ದ್ರವಕ್ಕೆ ಒಂದು ಡಿಗ್ರಿಯೊಳಗೆ ಹೊಂದುತ್ತದೆ. ಫೋಮ್ ಇಲ್ಲದೆ ಬರೀ ಟೇಪ್ ಹಾಕಿದರೆ, ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅಂಕಿ ಹಾರುವುದನ್ನು ನೀವೇ ಕಾಣಬಹುದು. ಮುಚ್ಚಳದಿಂದ ದ್ರವದೊಳಗೆ ಇಳಿಯುವ ಸ್ಟೀಲ್ ಕೊಳವೆ, ಅಂದರೆ ಥರ್ಮೋವೆಲ್, ಇದ್ದರೆ ಇನ್ನೂ ಒಳ್ಳೆಯದು.

ಕಂಪ್ರೆಸರ್‌ನ ಕಡೆಯಿಂದಲೂ ಒಂದು ಷರತ್ತಿದೆ. ಅದು ಓಡುವಾಗ ಒಂದು ಬದಿಯಲ್ಲಿ ಅನಿಲವನ್ನು ಒತ್ತಿ ಒತ್ತಿ ತುಂಬುತ್ತದೆ. ಕರೆಂಟು ಹೋದ ಮೇಲೆ ಆ ಒತ್ತಡ ಕೂದಲೆಳೆಯಂಥ ಕ್ಯಾಪಿಲರಿ ಕೊಳವೆಯ ಮೂಲಕ ನಿಧಾನವಾಗಿ ಇಳಿಯಬೇಕು. ಇಳಿಯುವ ಮೊದಲೇ ಮತ್ತೆ ಕರೆಂಟು ಕೊಟ್ಟರೆ, ಆ ಕಡೆಯಿಂದ ಯಾರೋ ಒತ್ತಿ ಹಿಡಿದಿರುವ ಬಾಗಿಲನ್ನು ತಳ್ಳಿದ ಹಾಗೆ, ಮೋಟಾರು ಗುಂಯ್ ಎಂದು ತಿಣುಕುತ್ತದೆ. ತಿರುಗುವುದಿಲ್ಲ. ಸುರುಳಿ ಬಿಸಿಯಾಗಿ, ಓವರ್‌ಲೋಡ್ ಸ್ವಿಚ್ ಟಕ್ ಎಂದು ಕಡಿದುಕೊಳ್ಳುತ್ತದೆ. ಹಳೆಯ ಕಂಪ್ರೆಸರ್‌ಗೆ ಇದು ದಿನವೂ ಆದರೆ ಬಾಳಿಕೆ ಬರುವುದಿಲ್ಲ. ಅದಕ್ಕೇ ಕಂಟ್ರೋಲರ್‌ನಲ್ಲಿ ‘ಕಂಪ್ರೆಸರ್ ಡಿಲೇ’ ಎಂಬ ಆಯ್ಕೆ ಇರುತ್ತದೆ. ಹೊಸದಾಗಿ ಕೊಂಡ ಕಂಟ್ರೋಲರ್‌ನಲ್ಲಿ ಅದು ಸಾಮಾನ್ಯವಾಗಿ 3 ನಿಮಿಷಕ್ಕಿರುತ್ತದೆ. ಹಳೆಯ ಫ್ರಿಜ್‌ಗೆ ನಾನು 8ರಿಂದ 10 ನಿಮಿಷ ಕೊಡುತ್ತೇನೆ. ಪ್ರೋಬ್ ಡಬ್ಬಕ್ಕೆ ಅಂಟಿದ್ದರೆ ಈ ವಿಳಂಬದಿಂದ ಬಿಯರ್‌ಗೆ ಏನೂ ಆಗದು. 20 ಲೀಟರ್ ದ್ರವಕ್ಕೆ ಹತ್ತು ನಿಮಿಷ ಏನೇನೂ ಅಲ್ಲ.

ಇನ್ನೊಂದು ಆಯ್ಕೆ ‘ಡಿಫರೆನ್ಶಿಯಲ್’. ಗುರಿ 18, ತಂಪಿನ ಅಂತರ 0.5 ಎಂದು ಕೊಟ್ಟರೆ ಫ್ರಿಜ್ 18.5ಕ್ಕೆ ಶುರುವಾಗಿ 18ಕ್ಕೆ ನಿಲ್ಲುತ್ತದೆ. ಆದರೆ ನಿಂತ ಕ್ಷಣದಲ್ಲಿ ಒಳಗಿನ ಗಾಳಿ, ತಗಡು ಎಲ್ಲ ಬಹಳ ತಣ್ಣಗಿರುತ್ತವೆ. ಅವು ಬಿಯರ್ ಅನ್ನು ಇನ್ನಷ್ಟು ಕೆಳಗೆ, 17.6ಕ್ಕೋ 17.4ಕ್ಕೋ ಎಳೆಯುತ್ತವೆ. ಹೀಟರ್‌ನ ಅಂತರವನ್ನೂ 0.5ಕ್ಕೇ ಇಟ್ಟಿದ್ದರೆ 17.5ಕ್ಕೆ ಇಳಿದಾಗ ಅದು ಉರಿಯತೊಡಗುತ್ತದೆ, ಬಿಯರ್ 18.5 ದಾಟುತ್ತದೆ, ಫ್ರಿಜ್ ಮತ್ತೆ ಎದ್ದು ಕೂರುತ್ತದೆ. ಎರಡೂ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತಾ ಕರೆಂಟು ತಿನ್ನುತ್ತವೆ. ಹೀಟರ್‌ನ ಅಂತರವನ್ನು 1 ಡಿಗ್ರಿಗೆ ಹಿಗ್ಗಿಸಿದರೆ ಈ ಜಗ್ಗಾಟ ನಿಲ್ಲುತ್ತದೆ.

ಎಂಥ ಫ್ರಿಜ್ ಹುಡುಕಬೇಕು? ಗುಂಡಿ ತಿರುಗಿಸುವ ಥರ್ಮೋಸ್ಟಾಟ್ ಇರುವ, ಸಾದಾ ಹಳೆಯದು. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹೊಸ ಮಾದರಿಗಳಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಬೋರ್ಡ್ ತನ್ನ ಲೆಕ್ಕವನ್ನು ಮೊದಲಿನಿಂದ ಶುರುಮಾಡಬಹುದು, ಕಂಪ್ರೆಸರ್ ಅನ್ನು ತನಗೆ ಬೇಕಾದಾಗ ಎಬ್ಬಿಸಬಹುದು. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಡಬ್ಬದ ಎತ್ತರಕ್ಕೆ ಏರ್‌ಲಾಕ್‌ನ, ಅಂದರೆ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯಲು ಮುಚ್ಚಳಕ್ಕೆ ಸಿಕ್ಕಿಸುವ ನೀರಿನ ಕವಾಟದ, ಎತ್ತರವನ್ನೂ ಸೇರಿಸಿ. ಫ್ರಿಜ್‌ನ ಹಿಂಬದಿಯ ತಳದಲ್ಲಿ ಕಂಪ್ರೆಸರ್‌ಗಾಗಿ ಉಬ್ಬಿರುವ ಮೆಟ್ಟಿಲು ಎಷ್ಟು ಜಾಗ ನುಂಗುತ್ತದೆ ಎಂದು ನೋಡಿ. ಬಾಗಿಲಿನ ಒಳಮೈಯ ಪ್ಲಾಸ್ಟಿಕ್ ಕಪಾಟುಗಳು ಡಬ್ಬಕ್ಕೆ ತಗಲುತ್ತವೆಯೇ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಾಗಿಲಿನ ರಬ್ಬರ್ ಪರೀಕ್ಷಿಸಲು ಒಂದು ಡಾಲರ್ ನೋಟನ್ನು ಸಂದಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸರಾಗವಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತದೆ. ಸಾಗಿಸುವಾಗ ಮಲಗಿಸಿದ್ದರೆ, ಕಂಪ್ರೆಸರ್‌ನ ಎಣ್ಣೆ ಮರಳಿ ಇಳಿಯಲು ಹಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಪ್ಲಗ್ ಹಾಕಿ. ರಾತ್ರಿಯಿಡೀ ಒಂದು ಲೋಟ ನೀರಿಟ್ಟು ಬೆಳಿಗ್ಗೆ ಥರ್ಮಾಮೀಟರ್ ಅದ್ದಿ ನೋಡಿ. 4 ಡಿಗ್ರಿ ಅಥವಾ ಕೆಳಗಿದ್ದರೆ ಯಂತ್ರ ಗಟ್ಟಿಯಾಗಿದೆ.

ಹೊಳೆಯುವ ಹ್ಯಾಂಡಲ್, ಚಿಲಕದಂಥ ಲಾಚ್ ಇರುವ ಬಹು ಹಳೆಯ ಫ್ರಿಜ್ ಎಷ್ಟೇ ಚೆಂದ ಕಂಡರೂ ತರಬೇಡಿ. ಒಳಗೆ ಸಿಕ್ಕಿಬಿದ್ದ ಮಕ್ಕಳು ತೆರೆಯಲಾರದೆ ಉಸಿರುಕಟ್ಟಿ ಸತ್ತ ಘಟನೆಗಳ ನಂತರವೇ ಅಮೆರಿಕ 1956ರಲ್ಲಿ, ಒಳಗಿನಿಂದಲೂ ಬಾಗಿಲು ತೆರೆಯುವಂತಿರಬೇಕು ಎಂದು ಕಾನೂನು ಮಾಡಿತು. ಹೊಸ ಬಗೆಯ ಬಾಗಿಲಿದ್ದರೂ ಕಪಾಟುಗಳನ್ನು ತೆಗೆದ ಖಾಲಿ ಫ್ರಿಜ್ ಮಗು ಕೂರುವಷ್ಟು ದೊಡ್ಡದೇ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹೊರಗಿನಿಂದ ಬೀಗ ಹಾಕಿ.

ಪ್ರೋಬ್‌ನ ವೈರ್ ಒಳಗೆ ಒಯ್ಯಲು ಗೋಡೆ ಕೊರೆಯುವ ಆಸೆಯಾಗುತ್ತದೆ. ಅನೇಕ ಫ್ರಿಜ್‌ಗಳಲ್ಲಿ ಅನಿಲದ ಕೊಳವೆಗಳು ಪಕ್ಕದ ಗೋಡೆಯ ತಗಡಿನ ಹಿಂದೆಯೇ ಹರಿದಿರುತ್ತವೆ. ಡ್ರಿಲ್ ಒಂದನ್ನು ತಾಗಿದರೆ ಫ್ರಿಜ್‌ನ ಕಥೆ ಮುಗಿಯಿತು. ಈಚಿನ ಮಾದರಿಗಳಲ್ಲಿ ಆರ್-600ಎ, ಅಂದರೆ ಐಸೊಬ್ಯುಟೇನ್ ಇರುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಕೊರೆಯುವ ಅಗತ್ಯವೂ ಇಲ್ಲ. ತೆಳ್ಳಗಿನ ವೈರ್ ಬಾಗಿಲಿನ ರಬ್ಬರ್‌ನ ಅಡಿಯಲ್ಲಿ, ಹಿಂಜಿನ ಬದಿಯಲ್ಲಿ, ಸುಮ್ಮನೆ ಹಾದುಹೋಗುತ್ತದೆ.

ಬಿಸಿ ಮಾಡುವ ವ್ಯವಸ್ಥೆ ಚಳಿಗಾಲಕ್ಕೆ ಬೇಕು. ಮಿನ್ನೆಸೋಟಾದ ಗ್ಯಾರೇಜ್ ಜನವರಿಯಲ್ಲಿ ಸೊನ್ನೆಗಿಂತ ಬಹಳ ಕೆಳಗಿರುತ್ತದೆ, ಫ್ರಿಜ್‌ನ ದಪ್ಪ ಗೋಡೆ ಆಗ ಚಳಿಯನ್ನು ಹೊರಗಿಡುವ ಕೆಲಸ ಮಾಡುತ್ತದೆ. ಡಬ್ಬಕ್ಕೆ ಸುತ್ತುವ 30-40 ವಾಟ್‌ನ ಹೀಟ್ ಬೆಲ್ಟ್ ಧಾರಾಳವಾಗಿ ಸಾಕು. ಅದನ್ನು ಪ್ರೋಬ್‌ಗೆ ತಾಗದಂತೆ ದೂರ ಕಟ್ಟಿ. ಬಲ್ಬ್ ಉರಿಸಿ ಬಿಸಿಮಾಡುವ ಹಳೆಯ ಪದ್ಧತಿ ನನಗೆ ಹಿಡಿಸುವುದಿಲ್ಲ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ದುರ್ವಾಸನೆಯ ಗಂಧಕದ ಸಂಯುಕ್ತ ಹುಟ್ಟುತ್ತದೆ, ಬಿಯರ್ ಬಾಟಲಿಗಳು ಕಂದು ಬಣ್ಣಕ್ಕಿರುವುದು ಅದನ್ನು ತಪ್ಪಿಸಲಿಕ್ಕೆ.

ಮುಚ್ಚಿದ ಪೆಟ್ಟಿಗೆಯಲ್ಲಿ ತೇವ ಸೇರಿ ಬೂಷ್ಟು ಹಿಡಿಯುವುದು ಖಚಿತ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯೊಂದನ್ನು ಮೂಲೆಯಲ್ಲಿಡಿ, ಪ್ರತಿ ಬ್ಯಾಚ್ ಮುಗಿದಾಗ ಒರೆಸಿ ಬಾಗಿಲು ತೆರೆದಿಡಿ. ಇಂಗಾಲದ ಡೈಆಕ್ಸೈಡ್ ಬಗ್ಗೆಯೂ ಎಚ್ಚರ ಬೇಕು. ಈ 20 ಲೀಟರ್ ಹುದುಗುವಾಗ ಮುಕ್ಕಾಲು ಕಿಲೋಗಿಂತ ಹೆಚ್ಚು, ಅಂದರೆ 400 ಲೀಟರ್‌ಗೂ ಮೇಲೆ ಅನಿಲ ಹೊರಬರುತ್ತದೆ. ಫ್ರಿಜ್‌ನ ಒಳಜಾಗಕ್ಕಿಂತ ಹೆಚ್ಚು. ಬಾಗಿಲು ತೆರೆದ ಕೂಡಲೇ ತಲೆ ಒಳಗೆ ಹಾಕಿ ಮೂಸಬೇಡಿ, ಸ್ವಲ್ಪ ಹೊತ್ತು ಬಿಡಿ. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಫ್ರಿಜ್ ಇಡಬೇಡಿ.

ಒಂದು ಏಲ್ ಈ ಪೆಟ್ಟಿಗೆಯಲ್ಲಿ ಕಳೆಯುವ ಎರಡು ವಾರ ಹೀಗಿರುತ್ತದೆ. ಕುದಿಸಿದ ಮಾಲ್ಟ್ ರಸವನ್ನು, ಅಂದರೆ ವರ್ಟ್ ಅನ್ನು, 17 ಡಿಗ್ರಿಗೆ ತಣಿಸಿಯೇ ಯೀಸ್ಟ್ ಹಾಕುವುದು. ಬೆಚ್ಚಗಿರುವಾಗ ಹಾಕಿ ‘ಫ್ರಿಜ್ ಇದೆಯಲ್ಲ, ತಣಿಸುತ್ತದೆ’ ಎಂದುಕೊಂಡರೆ, ಮನೆಯ ಫ್ರಿಜ್ ಅಷ್ಟು ದ್ರವವನ್ನು ಇಳಿಸುವ ಹೊತ್ತಿಗೆ ಹಲವು ಗಂಟೆ ಕಳೆದು, ಯೀಸ್ಟ್ ಕೆಲಸ ಹಚ್ಚಿಕೊಂಡಿರುತ್ತದೆ. ಮೊದಲ ನಾಲ್ಕು ದಿನ 18ರಲ್ಲಿ. ಗುಳ್ಳೆಗಳು ನಿಧಾನವಾದ ಮೇಲೆ ದಿನಕ್ಕೊಂದು ಡಿಗ್ರಿಯಂತೆ 20-21ಕ್ಕೆ ಏರಿಸುವುದು. ಯೀಸ್ಟ್ ತಾನೇ ಹುಟ್ಟಿಸಿದ ಡೈಅಸಿಟೈಲ್ ಎಂಬ ಬೆಣ್ಣೆವಾಸನೆಯ ಅಂಶವನ್ನು ಮತ್ತೆ ಹೀರಿಕೊಳ್ಳುವುದು ಈ ಬೆಚ್ಚನೆಯ ಕೊನೆಯ ಹಂತದಲ್ಲಿ. ಇದನ್ನು ಬಿಟ್ಟು ಅವಸರದಲ್ಲಿ ತಣಿಸಿದರೆ ಯೀಸ್ಟ್ ಮಲಗುತ್ತದೆ, ಬೆಣ್ಣೆ ವಾಸನೆ ಉಳಿಯುತ್ತದೆ. ಹೈಡ್ರೋಮೀಟರ್ ಎರಡು ಮೂರು ದಿನ 1.010ರ ಆಸುಪಾಸಿನಲ್ಲಿ ಕದಲದೆ ನಿಂತರೆ ಹುದುಗು ಮುಗಿದಿದೆ. ಆಗ ಗುರಿಯನ್ನು 2 ಡಿಗ್ರಿಗೆ ಇಳಿಸಿ ಎರಡು ದಿನ ಬಿಟ್ಟರೆ ಯೀಸ್ಟ್ ತಳಕ್ಕೆ ಕೂತು ಬಿಯರ್ ತಿಳಿಯಾಗುತ್ತದೆ. ತಣಿಯುವಾಗ ಡಬ್ಬದೊಳಗಿನ ಅನಿಲ ಕುಗ್ಗಿ, ಸ್ವಲ್ಪ ಬಿಯರ್‌ಗೂ ಕರಗಿ, ಏರ್‌ಲಾಕ್‌ನ ನೀರನ್ನೂ ಹೊರಗಿನ ಗಾಳಿಯನ್ನೂ ಒಳಕ್ಕೆ ಎಳೆಯುತ್ತದೆ. ಹುದುಗು ನಡೆಯುವಾಗಲೇ ಹೊರಬರುವ ಅನಿಲವನ್ನು ಒಂದು ಬಲೂನಿನಲ್ಲಿ ತುಂಬಿಟ್ಟುಕೊಂಡು ಏರ್‌ಲಾಕ್‌ನ ಜಾಗಕ್ಕೆ ಸಿಕ್ಕಿಸಿದರೆ, ಒಳಗೆ ಹೋಗುವುದು ಅದೇ ಅನಿಲ, ಆಮ್ಲಜನಕವಲ್ಲ.

ಬಿಯರ್ ಇಲ್ಲದ ವಾರಗಳಲ್ಲಿ ಈ ಪೆಟ್ಟಿಗೆ ಸುಮ್ಮನಿರಬೇಕಿಲ್ಲ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗು ಬರುತ್ತಿಲ್ಲ ಎಂಬುದು ಅಮೆರಿಕದ ಕನ್ನಡಿಗರ ಮನೆಗಳ ಖಾಯಂ ಗೋಳು. ಓವನ್‌ನ ದೀಪ ಹಾಕಿ ಒಳಗಿಟ್ಟು, ಅದು ಎಷ್ಟು ಬಿಸಿಯಾಗುತ್ತದೋ ತಿಳಿಯದೆ ಬೆಳಿಗ್ಗೆ ಹುಳಿ ಹಿಟ್ಟು ನೋಡುವವರೂ ಇದ್ದಾರೆ. ಇಲ್ಲಿ ಫ್ರಿಜ್‌ನ ಪ್ಲಗ್ ಕಿತ್ತು, ಹೀಟರ್‌ನದ್ದನ್ನು ಮಾತ್ರ ಉಳಿಸಿ, ಗುರಿಯನ್ನು 30 ಡಿಗ್ರಿಗೆ ಕೊಡಿ. ಉದ್ದಿನ ಜೊತೆ ಬಂದ ಲ್ಯುಕೊನೊಸ್ಟಾಕ್ ಬ್ಯಾಕ್ಟೀರಿಯಾಕ್ಕೆ ಅದು ಹಿತವಾದ ಉಷ್ಣತೆ. ಹಿಟ್ಟು ಗಟ್ಟಿ, ಶಾಖ ಅದರೊಳಗೆ ನಿಧಾನ ಇಳಿಯುತ್ತದೆ. ಆದ್ದರಿಂದ ಹೀಟ್ ಬೆಲ್ಟನ್ನು ಪಾತ್ರೆಗೆ ಸುತ್ತದೆ ಫ್ರಿಜ್‌ನ ಒಳಗೋಡೆಯ ಪಕ್ಕ ಇಳಿಬಿಟ್ಟು, ಪ್ರೋಬ್ ಅನ್ನು ಮಾಮೂಲಿನಂತೆ ಪಾತ್ರೆಯ ಹೊರಮೈಗೆ ಫೋಮ್ ಸಹಿತ ಅಂಟಿಸಿ. ರುಬ್ಬುವಾಗ ತಣ್ಣೀರಿನ ಬದಲು ಉಗುರುಬೆಚ್ಚನೆಯ ನೀರು ಹಾಕಿದ್ದರೆ ಎಂಟರಿಂದ ಹತ್ತು ಗಂಟೆಯಲ್ಲಿ ಹಿಟ್ಟು ಉಬ್ಬುತ್ತದೆ. ಪಾತ್ರೆಯ ಅರ್ಧದಷ್ಟು ಮಾತ್ರ ತುಂಬಿ, ಕೆಳಗೊಂದು ತಟ್ಟೆ ಇಡಿ.